ಪರ್ಮಿಷನ್ ಕೆಡಿಸಿ ಹೋದವ್ರು ಸರಿ ಮಾಡಿ ಹೋಗ್ಬೇಕೋ ಬ್ಯಾಡೋ?

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಮ್ ದೋಸ್ತಂದು ಡಿಟಿಪಿ ಅಂಗಡಿ ಅದರಿ, ಅಲ್ಲಿ ರಿಪೇರಿಗಿ ಬಂದಾವ ಒಂದ್ ಫೋಲ್ಡರ್ ಓಪನ್ ಆಗವಲ್ದು ಅಂತ ಉಬುಂಟುದಾಗ (ವಿಂಡೋಸ್ ಇದ್ದಂಗ ಇದು ಲಿನಕ್ಸ್ ಓಎಸ್) ಪೂರಾ ಸಿಸ್ಟಮ್‌ಗೇ ಚ್‌ಮಾಡ್ 777, ಅಂದ್ರ ಯಾರ್ ಬೇಕಾದ್ರೂ ಓದ್ಬಹುದು, ಬರೀಬಹುದು, ನಡಸ್ಬಹುದು ಅನ್ನೋ ಕಮಾಂಡ್, ಹೊಡ್ದು ಹೋಗ್ಯಾನ. ಎಲ್ಲಾರಿಗೂ ಪರ್ಮಿಷನ್ ಕೊಟ್ಟಂಗ ಕಾಣ್ತದ ಖರೆ, ಆದ್ರ ಸೂಡೊ (ಅಡ್ಮಿನ್ ಅಧಿಕಾರದಾಗ ಕೆಲಸ ಮಾಡಸೋ ಕಮಾಂಡ್) ಫೈಲಿಗಿ ಪರ್ಮಿಷನ್ ನಂಬರ್ 4755 ಇರ್ಬೇಕು, ಅದ್ರಾಗಿನ ಆ 4 ಅಂದ್ರ ಅಡ್ಮಿನ್ ಆಗಿ ನಡಿ ಅನ್ನೋ ಗುರ್ತು, ಅದು ಹೋಯ್ತಂದ್ರ ಸೂಡೊ ನಡಿಯಂಗೇ ಇಲ್ಲ, ಸೂಡೊ ಇಲ್ದ ಪರ್ಮಿಷನ್ ವಾಪಸ್ ಹಾಕೋದ್ ಹ್ಯಾಂಗ್ರಿ? ಬೀಗದ ಕೈ ಒಳಗ ಇಟ್ಟು ಬಾಗಲಾ ಹಾಕ್ದಂಗಾತು. ಎಸ್‌ಎಸ್‌ಎಚ್ (ದೂರದಿಂದ ಬ್ಯಾರೆ ಕಂಪ್ಯೂಟರಿಗಿ ಲಾಗಿನ್ ಆಗೋದು) ಸುದ್ದಾ ಗುಟ್ಟಿನ ಕೀ ಫೈಲ್ ಎಲ್ಲಾರೂ ಓದಂಗದ ಅಂತ ತಗೊಳ್ಳಂಗಿಲ್ಲ.

ಫೆಡೋರಾ ಅನ್ನೋ ಇನ್ನೊಂದ್ ಲಿನಕ್ಸಿನಾಗಾದ್ರೂ ಸಾಫ್ಟ್‌ವೇರ್ ಹಾಕೋ ಕಮಾಂಡ್ ಆರ್‌ಪಿಎಮ್‌ಗೆ ಸೆಟ್‌ಪರ್ಮ್ಸ್ ಅಂತ ಕೊಟ್ರ ಪ್ಯಾಕೇಜ್ ಫೈಲ್‌ಗಳ ಪರ್ಮಿಷನ್ ವಾಪಸ್ ಬರ್ತಾವ, ಅದೇ ಕೆಲಸ ಮಾಡೋ ಉಬುಂಟುದ ಡಿಪಿಕೆಜಿದಾಗ ಅಂಥಾದ್ದು ಯಾಕ ಇಟ್ಟಿಲ್ಲ? ಭಾಳ ಸಿಟ್ಟು ಬರ್ತದ.

ಕಡೀಗಿ ಪೆನ್‌ಡ್ರೈವ್‌ದಿಂದ ಬೂಟ್ ಮಾಡಿ ಲಗ್ನಪತ್ರಿಕಿ ಫೈಲ್ ಎಲ್ಲಾ ಕಾಪಿ ತಗೊಂಡು ಉಬುಂಟು ಹೊಸದಾಗೇ ಹಾಕ್ದೇವು, ಕನ್ನಡ ಫಾಂಟ್, ಪ್ರಿಂಟರ್ ಎಲ್ಲಾ ಮತ್ತ ಮೊದಲಿಂದ, ಗಿರಾಕಿ ಬಾಗಲದಾಗ ನಿಂತು ಬೈಲಾಕತ್ತಿದ್ರು. ಅಂವ ಕೆಡಿಸಿದ್ದಕ್ಕ ತಗೊಂಡ ರೊಕ್ಕ ವಾಪಸ್ ಕೊಡ್ಲೇಬೇಕು, ನಾ ಬಿಡಂಗಿಲ್ಲ.