ಸತ್ಯಾಂಶ: ಅಪರಾಧಿಯ ಡಿಎನ್‌ಎಯಿಂದ ಹಳೆ ಕೇಸು ಬಿಡಿಸುವುದು ಸಂವಿಧಾನ ವಿರೋಧಿಯೇ?

'ಅಮೆರಿಕದಲ್ಲಿ ಒಂದು ಕೇಸಿಗೆಂದು ತೆಗೆದುಕೊಂಡ ಡಿಎನ್‌ಎಯನ್ನು ಹಳೆ ಕೇಸಿಗೆ ಬಳಸುವಂತಿಲ್ಲ, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗೆ' ಅನ್ನುವ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಸಾಕ್ಷಿ ಅಂದರೆ ಬಾಯಿಬಿಟ್ಟು ಹೇಳುವ ಮಾತು. ರಕ್ತದ ಮಾದರಿ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1966ರಲ್ಲೇ ಹೇಳಿದೆ.

ನಿಜವಾದ ತಕರಾರು ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿಯದು, ಅಂದರೆ ಸರಿಯಾದ ಕಾರಣವಿಲ್ಲದೆ ಯಾರನ್ನೂ ಶೋಧಿಸಬಾರದು ಅನ್ನುವುದು. ಮೇರಿಲ್ಯಾಂಡ್‌ನಲ್ಲಿ 2009ರಲ್ಲಿ ಹಲ್ಲೆ ಕೇಸಿನಲ್ಲಿ ಬಂಧಿಸಿದ ಒಬ್ಬನ ಕೆನ್ನೆಯ ಒಳಗಿಂದ ಹತ್ತಿಯಲ್ಲಿ ಮಾದರಿ ತೆಗೆದರು, ಅದು 2003ರ ಅತ್ಯಾಚಾರ ಪ್ರಕರಣಕ್ಕೆ ತಾಳೆಯಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಇದನ್ನು ಒಪ್ಪಿತು: ಗಂಭೀರ ಅಪರಾಧಕ್ಕೆ ಬಂಧಿಸಿದವರ ಡಿಎನ್‌ಎ ತೆಗೆಯುವುದು ಬೆರಳಚ್ಚು ಪಡೆದ ಹಾಗೆ, ಗುರುತು ಹಿಡಿಯುವ ಕೆಲಸ. ಅವನಿಗೆ ಆಗ ಶಿಕ್ಷೆ ಕೂಡ ಆಗಿರಲಿಲ್ಲ, ಗಮನಿಸಿ. ಶಿಕ್ಷೆಯಾದವರ ಖಾಸಗಿತನದ ಹಕ್ಕು ಇನ್ನೂ ಕಡಿಮೆ ಎಂದು ಕೆಳಗಿನ ಕೋರ್ಟ್‌ಗಳು ಮೊದಲೇ ಹೇಳಿದ್ದವು.

ಆದರೆ ನ್ಯಾಯಮೂರ್ತಿ ಸ್ಕಾಲಿಯಾ ಒಪ್ಪಲಿಲ್ಲ. ಗುರುತು ಅನ್ನುವುದು ಸುಮ್ನೆ ಹೆಸರಿಗೆ, ಉದ್ದೇಶ ಹಳೆ ಅಪರಾಧ ಪತ್ತೆಯೇ ಅಲ್ವಾ ಅನ್ನುವುದು ಅವರ ವಾದ. ನನಗೆ ಈ ವಾದದಲ್ಲೇ ಜಾಸ್ತಿ ಹುರುಳಿದೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಡಿಎನ್‌ಎ ತಾಳೆಯಾದರೂ, ಕೇಸು ಹಾಕುವ ಕಾಲಮಿತಿ ಒಮ್ಮೆ ಮುಗಿದು ಹೋಗಿದ್ದರೆ ಹೊಸ ಕಾನೂನು ಮಾಡಿ ಅದಕ್ಕೆ ಮರುಜೀವ ಕೊಡುವಂತಿಲ್ಲ. ಇದು ಅದೇ ಸುಪ್ರೀಂ ಕೋರ್ಟ್ ಬೇರೊಂದು ಕೇಸಿನಲ್ಲಿ ಕೊಟ್ಟ 2003ರ ತೀರ್ಪು.