ಬರೀ ಹಳದಿ ಇಟ್ಟರೆ ಹಳದಿ ಕಾಣುವುದಿಲ್ಲ

ಪುಟ್ಟ ಮಕ್ಕಳಿಗೆ ಹಳದಿ ಬಣ್ಣ ಕಲಿಸಲು ‘ಹಳದಿ ದಿನ’ ಮಾಡಿ ಬುಟ್ಟಿ ತುಂಬ ಹಳದಿ ಸಾಮಾನನ್ನೇ ಇಟ್ಟರೆ, ಮೂರು ವರ್ಷದ ಮಗು ‘ಹಳದಿ’ ಅಂದರೆ ಬಾಳೆಹಣ್ಣು ಅಂದುಕೊಳ್ಳಬಹುದು. ಒಂದೇ ಆಕಾರದ ಜೋಡಿ ಬೇಕು: ಹಳದಿ ಮುಚ್ಚಳ, ನೀಲಿ ಮುಚ್ಚಳ, ಹಳದಿ ಚೆಂಡು, ನೀಲಿ ಚೆಂಡು. ಮೊದಲ ದಿನ ಕಿತ್ತಳೆ ಬಣ್ಣ ಹತ್ತಿರವೂ ಸುಳಿಯಬಾರದು.

ಕೈಗೆ ಕೆಲಸ ಕೊಡಲು ಅರಿಸಿನ ಬೆರೆಸಿದ ಆಟದ ಹಿಟ್ಟು ಒಳ್ಳೆಯದು. 1 ಕಪ್ ಮೈದಾ, ½ ಕಪ್ ಪುಡಿ ಉಪ್ಪು, 1 ಚಮಚ ಅರಿಸಿನ ಒಣದಾಗಿಯೇ ಬೆರೆಸಿ, 1 ಚಮಚ ಎಣ್ಣೆ ಬಿಟ್ಟು, ಸುಮಾರು ½ ಕಪ್ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ನಾದಿ. ಅರಿಸಿನವನ್ನು ನೀರಿಗೆ ಕಲಸಿ ಸುರಿದರೆ ಅದು ಕರಗದೆ ತಳದಲ್ಲಿ ಕೂರುತ್ತದೆ, ಹಿಟ್ಟೆಲ್ಲ ಮಚ್ಚೆಮಚ್ಚೆ. ಅಂಟಿದರೆ ಇನ್ನಷ್ಟು ಮೈದಾ, ಬಿರುಕು ಬಿಟ್ಟರೆ ಒದ್ದೆ ಕೈ. ಉಪ್ಪು ಜಾಸ್ತಿ, ಬಾಯಿಗೆ ಹಾಕದಂತೆ ನೋಡಿಕೊಳ್ಳಿ; ಬೆರಳಲ್ಲಿ ಗಾಯವಿದ್ದರೆ ಉರಿಯುತ್ತದೆ.

ಕೈ ತೊಳೆಸುವಾಗ ನೇರ ಸೋಪು ಬೇಡ. ಅದರ ಕ್ಷಾರಕ್ಕೆ ಅರಿಸಿನ ಕೆಂಪಾಗಿ, ಮಕ್ಕಳ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ (ನಿಂಬೆರಸ ಹಿಂಡಿದರೆ ಮತ್ತೆ ಹಳದಿ, ಆದರೆ ಆ ಆಟ ಇನ್ನೊಂದು ದಿನಕ್ಕಿರಲಿ). ಮೊದಲು ಕಡಲೆಹಿಟ್ಟು ಹಚ್ಚಿ ಉಜ್ಜಿಸಿ. ಬಟ್ಟೆಗಾದ ಕಲೆ ಒಗೆದು ಬಿಸಿಲಿಗೆ ಹರವಿದರೆ ಮಾಸುತ್ತದೆ.