ಬಿತ್ತು ಬಿತ್ತು!

ರಿಮೋಟ್ ವಿಮಾನಗಳಲ್ಲಿ ಎರಡು ಜಾತಿ. ಕಲಿಯುವವರ ವಿಮಾನ ತುಂಬಾ ಸಾಧು. ರೆಕ್ಕೆ ಬೆನ್ನ ಮೇಲಿರುತ್ತದೆ, ರೆಕ್ಕೆಯ ತುದಿಗಳು ಸ್ವಲ್ಪ ಮೇಲೆದ್ದಿರುತ್ತವೆ, ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಏರೋಬ್ಯಾಟಿಕ್, ಅಂದರೆ ಗಾಳಿಯಲ್ಲಿ ಕಸರತ್ತು ಮಾಡುವ ವಿಮಾನ ಹಾಗಲ್ಲ. ರೆಕ್ಕೆ ಸರಿಯಾಗಿ ನಡುವಿನಲ್ಲಿ, ಮೇಲೂ ಕೆಳಗೂ ಒಂದೇ ಆಕಾರ. ತಲೆಕೆಳಗೆ ಮಾಡಿ ಬಿಟ್ಟರೆ ತಲೆಕೆಳಗಾಗಿಯೇ ಹೋಗುತ್ತಿರುತ್ತದೆ, ಅದಕ್ಕೇನೂ ಬೇಜಾರಿಲ್ಲ. ನನ್ನ ಭಾವಮೈದ ಮೊದಲನೆಯದನ್ನು ಮುಟ್ಟಲೇ ಇಲ್ಲ. ಸೀದಾ ಎರಡನೆಯದಕ್ಕೇ ಕೈ ಹಾಕಿದ.

ಅವನಿಗೆ ಕೆಲಸ ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ. ವಿಮಾನದ ಕಾರ್ಖಾನೆ ಮಾತ್ರ ಕೋಲಾರದ ನಮ್ಮ ಮನೆಯ ಊಟದ ಟೇಬಲ್ಲು. ಒಂದು ಮೀಟರ್ ರೆಕ್ಕೆ, 5 ಮಿಲಿಮೀಟರ್ ಫೋಮ್ ಶೀಟು, ಒಳಗೊಂದು ಕಾರ್ಬನ್ ಕಡ್ಡಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ 9 ಗ್ರಾಮಿನ ಪುಟ್ಟ ಮೋಟಾರುಗಳು, ಅಂದರೆ ಸರ್ವೋಗಳು, ಮೂರು ಸೆಲ್ಲಿನ ಲಿಪೋ ಬ್ಯಾಟರಿ. ಮೋಟಾರು ಎಳೆಯುವ ಬಲ ವಿಮಾನದ ತೂಕಕ್ಕಿಂತ ಜಾಸ್ತಿ ಇರಬೇಕಂತೆ, ಆಗ ಮೂಗು ಆಕಾಶಕ್ಕೆ ಮಾಡಿ ಗಾಳಿಯಲ್ಲೇ ನಿಲ್ಲಿಸಬಹುದಂತೆ. ಹಾಗಾಗಿ ಮನೆಯಲ್ಲಿ ಗ್ರಾಮು ಗ್ರಾಮಿಗೂ ಲೆಕ್ಕ. ನಮ್ಮತ್ತೆ ಪೂಜೆ ಮಾಡಿ, ದೃಷ್ಟಿಯಾಗದಿರಲಿ ಅಂತ ಮೂತಿಗೆ ನಿಂಬೆಹಣ್ಣು ಕಟ್ಟಲು ಬಂದರು.

"ಅಮ್ಮಾ! ನಿಂಬೆಹಣ್ಣು ಐವತ್ತು ಗ್ರಾಂ ಇರುತ್ತೆ, ಐದು ಸರ್ವೋ ತೂಕ!"

ಕೊನೆಗೆ ಒಂದೇ ಒಂದು ಕುಂಕುಮದ ಬೊಟ್ಟಿಗೆ ಒಪ್ಪಿಕೊಂಡ. ಅದೂ ಸೆಂಟರ್ ಆಫ್ ಗ್ರಾವಿಟಿ ಮೇಲೆ.

ಈ ಸೆಂಟರ್ ಆಫ್ ಗ್ರಾವಿಟಿ, ಅಂದರೆ ಹಿಂದೆ ಮುಂದೆ ತೂಕ ಸಮನಾಗುವ ಜಾಗ, ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬರಬೇಕು. ಅಲ್ಲಿ ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿದರೆ ವಿಮಾನ ನೆಟ್ಟಗೆ ನಿಲ್ಲಬೇಕು. ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತೆ ಅಂತ ಈ ಹುಚ್ಚಿನವರ ನಡುವೆ ಮಾತೇ ಇದೆ. ನಮ್ಮದು ಎರಡನೇ ತರದ್ದು. ಬ್ಯಾಟರಿಯನ್ನು ಎಷ್ಟು ಮುಂದಕ್ಕೆ ತಳ್ಳಿದರೂ ಬಾಲ ಕೆಳಗೇ. ಐದು ರೂಪಾಯಿ ನಾಣ್ಯವೊಂದನ್ನು ಮೂಗಿಗೆ ಟೇಪ್ ಹಾಕಿ ಅಂಟಿಸಿದ ಮೇಲೆ ಸರಿಹೋಯಿತು. "ಕಾಣಿಕೆ ಕಟ್ಟಿದ್ರಾ, ಒಳ್ಳೇದಾಯ್ತು" ಅಂದರು ಅತ್ತೆ. ನಾವಿಬ್ಬರೂ ಸುಮ್ಮನಿದ್ದೆವು.

ಇನ್ನು ಹಾರಿಸುವ ಜಾಗ. ಮೊದಲೆಲ್ಲ ಇದಕ್ಕೇನೂ ಬರವಿರಲಿಲ್ಲ, ಬರವೇ ಜಾಗ ಮಾಡಿಕೊಟ್ಟಿತ್ತು. ಒಣಗಿದ ಕೆರೆಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಕಳಿಸಿದ್ದು, ಬರಲು ಶುರುವಾಗಿ ಒಂದೊಂದೇ ಕೆರೆ ತುಂಬಿತು. ಆ ನೀರಿನ ಬಗ್ಗೆ ಊರಲ್ಲಿ ಬೇರೆ ಬೇರೆ ಮಾತಿದೆ, ಅದು ಬಿಡಿ. ನಮಗೆ ಉಳಿದದ್ದು ಕೊಯ್ಲಾದ ಒಂದು ರಾಗಿ ಹೊಲ. ಒಂದು ಕಡೆ ನೀಲಗಿರಿ ತೋಪು, ಇನ್ನೊಂದು ಕಡೆ ದಪ್ಪ ಮೆಣಸಿನಕಾಯಿಯ ಪಾಲಿಹೌಸ್, ಎದುರಿಗೆ ಟೊಮೆಟೊ ತೋಟ. ಪಾಲಿಹೌಸಿನ ಶೀಟಿನ ರೇಟು ಕೇಳಿಕೊಂಡು ಬಂದ ಮೇಲೆ ಆ ಕಡೆ ತಲೆ ಹಾಕಬಾರದು ಅಂತ ತೀರ್ಮಾನವಾಯಿತು.

ಎಸೆಯುವ ಕೆಲಸ ನನ್ನದು. ಮೂಗಿನ ಫ್ಯಾನು ಬಲಕ್ಕೆ ತಿರುಗುವಾಗ ವಿಮಾನ ತಾನು ಎಡಕ್ಕೆ ಹೊರಳಲು ನೋಡುತ್ತದೆ, ವೇಗ ಕಡಿಮೆ ಇದ್ದಾಗ ಈ ಚಾಳಿ ಇನ್ನೂ ಜಾಸ್ತಿ. ಕೈಬಿಟ್ಟ ಕೂಡಲೇ ಎಡಕ್ಕೆ ವಾಲಿ, ಕುರಿ ಕಾಯುತ್ತಿದ್ದ ತಾತನ ಟವೆಲ್ಲಿನ ಮೇಲೆ ಹಾದು, ಹೇಗೋ ಮೇಲೆದ್ದಿತು. ಆಮೇಲೆ ನೋಡಿ, ಲೂಪು, ರೋಲು, ತಲೆಕೆಳಗಿನ ಸವಾರಿ. ಪ್ರತಿ ಲೂಪಿಗೂ ತಾತ ಮತ್ತು ಅಲ್ಲಿ ಸೇರಿದ್ದ ಹುಡುಗರು "ಬಿತ್ತು ಬಿತ್ತು!" ಅಂತ ಎದ್ದು ನಿಲ್ಲುವುದು, ಅದು ಮೇಲೇಳುವುದು, ಇವರು ಮತ್ತೆ ಕೂರುವುದು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಅಭ್ಯಾಸವಾಯಿತು, ಯಾರೂ ಏಳಲಿಲ್ಲ.

ಅಷ್ಟರಲ್ಲಿ ವಿಮಾನ ನಮ್ಮ ಕಡೆಗೇ ಮುಖ ಮಾಡಿ ಬಂತು. ಹಾಗೆ ಬರುವಾಗ ಅದರ ಎಡ ನಮಗೆ ಬಲ. ಭಾವಮೈದ ಯಾವ ಕಡೆ ಒತ್ತಿದನೋ, ಅದು ಸುತ್ತುತ್ತಾ ಸುತ್ತುತ್ತಾ ಟೊಮೆಟೊ ತೋಟಕ್ಕೆ ಇಳಿಯಿತು. ಹುಡುಗರು ಜೋರಾಗಿ ಚಪ್ಪಾಳೆ ಹೊಡೆದರು. "ಸೂಪರ್ ಸಾರ್! ಇದೇ ಚೆನ್ನಾಗಿತ್ತು, ಇನ್ನೊಂದ್ಸಲ ಮಾಡಿ!"

"ಭಾವ, ಅದು ಸ್ಪಿನ್ ಅನ್ನೋ ಕಸರತ್ತು ಅಂತ ಹೇಳಿಬಿಡಿ" ಅಂತ ಅವನು ಕಿವಿಯಲ್ಲಿ ಹೇಳಿದ.

ಕಡ್ಡಿ ನೆಟ್ಟು ಹುರಿ ಕಟ್ಟಿದ ಸಾಲಿನಲ್ಲಿ ವಿಮಾನ ಬಾಲ ಮೇಲೆ ಮಾಡಿ ನೇತಾಡುತ್ತಿತ್ತು. ಎಡ ರೆಕ್ಕೆ ಅರ್ಧ ಇಲ್ಲ. ಐದು ರೂಪಾಯಿ ಮಾತ್ರ ಹಾಗೇ ಇತ್ತು. ಬಿಡಿಸಿಕೊಳ್ಳುತ್ತಿರುವಾಗ ತೋಟದವರು ಬಂದರು.

"ಇದರಲ್ಲಿ ಔಷಧಿ ಹೊಡೀಬಹುದಾ ಸಾರ್?"

"ಇಲ್ಲಣ್ಣ, ಆಗಲ್ಲ."

"ಮತ್ತೇನು ಮಾಡುತ್ತೆ?"

"ಪಲ್ಟಿ ಹೊಡೆಯುತ್ತೆ."

ಅವರು ಮುರಿದ ರೆಕ್ಕೆ ನೋಡಿದರು, ನಮ್ಮಿಬ್ಬರ ಮುಖ ನೋಡಿದರು, ಆಮೇಲೆ ಬದುವಿನ ಆಚೆಗಿದ್ದ ತೋಟದ ಕಡೆ ಕೈ ತೋರಿಸಿದರು.

"ಬೀಳಿಸೋದೇ ಆದ್ರೆ ಇನ್ಮೇಲೆ ಆ ಕಡೆ ಬೀಳಿಸಿ ಸಾರ್. ನಮ್ಮಣ್ಣಂದು. ಕೋರ್ಟಲ್ಲಿ ಕೇಸ್ ನಡೀತಾ ಇದೆ."